ಹಲ್ಮಿಡಿಯ ಒಂದು ಸಾಲು ನನಗೆ ಕಲಿಸಿದ್ದು

ಕನ್ನಡ ವಿಕಿಪೀಡಿಯದಲ್ಲಿ ಬರೆಯಲು ಶುರು ಮಾಡಿದ ಹೊಸತರಲ್ಲಿ 'ಹಲ್ಮಿಡಿ ಶಾಸನ ಕನ್ನಡದ ಮೊಟ್ಟಮೊದಲ ಶಾಸನ' ಎಂದು ಒಂದು ಸಾಲು ಸೇರಿಸಿದ್ದೆ. ಶಾಲೆಯಲ್ಲಿ ಓದಿದ್ದೇ ಅದು. ಅನುಮಾನ ಯಾಕೆ ಬರಬೇಕು? ಎರಡು ದಿನ ಬಿಟ್ಟು ನೋಡಿದರೆ ಸಾಲು ಇಲ್ಲ. ತೆಗೆದವರು ಚರ್ಚೆ ಪುಟದಲ್ಲಿ ಕೇಳಿದ್ದರು: 'ಹೀಗೆಂದು ಯಾರು ಹೇಳಿದ್ದಾರೆ ಸರ್? ತಾಳಗುಂದದ್ದು ನೋಡಿದ್ದೀರಾ?'

ಬೇಜಾರಾಯಿತು. ಆದರೂ ಹುಡುಕಿದೆ. ಹಲ್ಮಿಡಿಯ 16 ಸಾಲಿನ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಎಂ. ಎಚ್. ಕೃಷ್ಣ. ಅದರಲ್ಲಿ ಇಸವಿಯೇ ಇಲ್ಲ. ಸುಮಾರು ಕ್ರಿ.ಶ. 450 ಎನ್ನುವುದು ಲಿಪಿ, ಭಾಷೆ ನೋಡಿ ಹೇಳಿದ್ದು. ಅದಕ್ಕಿಂತ ಈಚಿನದು ಎನ್ನುವ ವಿದ್ವಾಂಸರೂ ಇದ್ದಾರೆ. ಇನ್ನು ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ 2013ರಲ್ಲಿ ಸಿಕ್ಕ ಸಿಂಹಕಟಾಂಜನ (ಸಿಂಹದ ಆಕಾರದ ಕಟಕಟೆಯ ಮೇಲಿನ) ಶಾಸನವನ್ನು ಪುರಾತತ್ವ ಇಲಾಖೆಯವರು ಸುಮಾರು 370ರದ್ದು ಎನ್ನುತ್ತಾರೆ. ನಾನು ಒಂದೇ ಸಾಲಿನಲ್ಲಿ ಮುಗಿಸಿದ್ದ ವಿಷಯಕ್ಕೆ ಇಷ್ಟೆಲ್ಲಾ ಇತ್ತು! ಯಾರು ಏನು ಹೇಳುತ್ತಾರೆ ಎಂದು ಅವರವರ ಹೆಸರಿನಲ್ಲೇ ಬರೆದೆ, ಪ್ರತಿಯೊಂದಕ್ಕೂ ಉಲ್ಲೇಖ ಕೊಟ್ಟೆ. ಆ ಭಾಗ ಉಳಿಯಿತು.

ಅಂದಿನಿಂದ ನನ್ನ ಅಳತೆಗೋಲು ಒಂದೇ. ಪ್ರತಿ ವಾಕ್ಯಕ್ಕೂ 'ಯಾರು ಹೇಳಿದ್ದು?' ಎಂದು ಕೇಳುತ್ತೇನೆ. ಉತ್ತರ ಇಲ್ಲದಿದ್ದರೆ ವಾಕ್ಯ ಎಷ್ಟೇ ಚೆನ್ನಾಗಿರಲಿ, ತೆಗೆಯುತ್ತೇನೆ. 'ಪ್ರಸಿದ್ಧ', 'ಅದ್ಭುತ', 'ನಾಡಿನ ಹೆಮ್ಮೆಯ' ಇಂಥ ಮಾತುಗಳು ಹೆಚ್ಚಾಗಿ ಇಲ್ಲೇ ಉದುರುತ್ತವೆ.

ಬರೆಯುವುದು ಮೊದಲು ಪ್ರಯೋಗಪುಟದಲ್ಲಿ, ಅಂದರೆ ಕರಡು ಬರೆದುಕೊಳ್ಳುವ ನನ್ನದೇ ಪುಟದಲ್ಲಿ. ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡಿರುತ್ತೇನೆ, ಆದರೆ ಬರೆಯುವಾಗ ಅದನ್ನು ಮುಚ್ಚುತ್ತೇನೆ. ತೆರೆದಿದ್ದರೆ ಅದರ ವಾಕ್ಯವೇ ಬಂದುಬಿಡುತ್ತದೆ. ಬೇರೆಯವರ ಬರಹ ಎತ್ತಿ ಹಾಕುವುದು ತಪ್ಪು, ಉಲ್ಲೇಖ ಕೊಟ್ಟರೂ ತಪ್ಪೇ. ಒಂದು ರಾತ್ರಿ ಬಿಟ್ಟು, ಮರುದಿನ ಗಟ್ಟಿಯಾಗಿ ಓದಿ, ಆಮೇಲೆ ಪ್ರಕಟಿಸುತ್ತೇನೆ.

ಗಟ್ಟಿಯಾಗಿ ಓದಿದಾಗಲೇ ಭಾಷೆಯ ತೊಡಕು ಗೊತ್ತಾಗುವುದು. ಯಂತ್ರ ಅನುವಾದ ಮಾಡಿದ ಲೇಖನಗಳಲ್ಲಿ 'ಹಲ್ಮಿಡಿಯು ಒಂದು ಹಳ್ಳಿಯಾಗಿದೆ', 'ಇದು ಕಂಡುಹಿಡಿಯಲ್ಪಟ್ಟಿತು' ಎಂಬಂಥ ವಾಕ್ಯಗಳು ಜಾಸ್ತಿ. ಯಾರಾದರೂ ಮನೆಯಲ್ಲಿ ಹೀಗೆ ಮಾತಾಡುತ್ತಾರಾ? 'ಹಲ್ಮಿಡಿ ಹಾಸನ ಜಿಲ್ಲೆ ಬೇಲೂರು ತಾಲೂಕಿನ ಹಳ್ಳಿ' ಅಂದರೆ ಸಾಕಲ್ವಾ? 'ಒಂದು', 'ಆಗಿದೆ', 'ಲ್ಪಟ್ಟ' ಈ ಮೂರನ್ನು ಹುಡುಕಿ ತೆಗೆದರೇ ಲೇಖನ ಅರ್ಧ ಸುಧಾರಿಸುತ್ತದೆ.

ಹಳೆಯ ಲೇಖನ ತಿದ್ದುವಾಗ ಬೇರೆ ಎಚ್ಚರ ಬೇಕು. ಮೈಸೂರು ವಿಶ್ವವಿದ್ಯಾಲಯವೇ ಮುಕ್ತ ಬಳಕೆಗೆ ಬಿಟ್ಟ ಕನ್ನಡ ವಿಶ್ವಕೋಶದಿಂದ ವಿಕಿಪೀಡಿಯಕ್ಕೆ ಬಂದ ಬರಹಗಳ ಕನ್ನಡ ನನಗೆ ತುಂಬಾ ಇಷ್ಟ. ಆದರೆ ಅದರ ಮೊದಲ ಸಂಪುಟ ಬಂದದ್ದು 1969ರಲ್ಲಿ. ಆಗ ನಮ್ಮದು ಇನ್ನೂ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕವಾಯಿತು. ಹರಿಹರ 1997ರಿಂದ ದಾವಣಗೆರೆ ಜಿಲ್ಲೆಯಲ್ಲಿದೆ, ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿ. ಹಾಗಾಗಿ ಜಿಲ್ಲೆ, ಜನಸಂಖ್ಯೆ, ರಸ್ತೆ ದೂರ ಇವನ್ನು ಮೊದಲು ನೋಡುತ್ತೇನೆ. ಬರವಣಿಗೆಯ ಧಾಟಿಯನ್ನು ಸುಮ್ನೆ ಮುಟ್ಟಲು ಹೋಗುವುದಿಲ್ಲ.

ಏನೇ ಬದಲಿಸಿದರೂ ಯಾಕೆಂದು ಬದಲಾವಣೆಯ ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯುತ್ತೇನೆ. ದೊಡ್ಡ ಬದಲಾವಣೆಯಾದರೆ ಮೊದಲು ಚರ್ಚೆ ಪುಟದಲ್ಲಿ ಕೇಳುತ್ತೇನೆ.

ಈಚೆಗೆ ಹೊಸಬರೊಬ್ಬರು ತಮ್ಮೂರಿನ ದೇವಸ್ಥಾನಕ್ಕೆ 'ಸಾವಿರಾರು ವರ್ಷಗಳ ಇತಿಹಾಸವಿದೆ' ಎಂದು ಬರೆದಿದ್ದರು. ತಕ್ಷಣ ಅಳಿಸಲು ಮನಸ್ಸು ಬರಲಿಲ್ಲ. 'ದೇವಸ್ಥಾನದ ಹತ್ತಿರ ಶಾಸನದ ಕಲ್ಲೇನಾದರೂ ಇದೆಯಾ ಮೇಡಂ? ಇದ್ದರೆ ನಾಡಿನ ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸಿಗಬಹುದು' ಎಂದು ಬರೆದೆ. ಹತ್ತು ದಿನ ಸದ್ದಿರಲಿಲ್ಲ. ಆಮೇಲೆ ಒಂದು ರಾತ್ರಿ ಲೇಖನ ಬದಲಾಗಿತ್ತು. ಗ್ರಂಥಾಲಯಕ್ಕೆ ಹೋಗಿ ಸಂಪುಟ ಹುಡುಕಿ, ಶಾಸನದ ಸಂಖ್ಯೆ, ಪುಟ ಎಲ್ಲಾ ಹಾಕಿದ್ದರು. 'ಸಾವಿರಾರು ವರ್ಷ' ಇದ್ದ ಜಾಗದಲ್ಲಿ ಒಂದು ಇಸವಿ ಇತ್ತು.