ಕರೆಂಟ್ ಹೋದಾಗಲೇ ನಮ್ಮ ರೆಕಾರ್ಡಿಂಗ್

ನಮ್ಮದು ಬನಹಟ್ಟಿ. ರಬಕವಿ-ಬನಹಟ್ಟಿ ಅಂದ್ರೆ ಮಗ್ಗದ ಊರು ಅಂತ ಬಾಗಲಕೋಟೆ ಜಿಲ್ಲೆಯವರಿಗೆ ಹೇಳಬೇಕಿಲ್ಲ. ನಮ್ಮ ಮನೆಯ ಎಡಕ್ಕೆ ಪವರ್‌ಲೂಮ್, ಹಿಂದೆ ಇನ್ನೊಂದು. ದಿನವಿಡೀ ಲಾಳಿ ಬಡಿಯುವ ಸದ್ದು. ಹುಟ್ಟಿದಾಗಿನಿಂದ ಕೇಳಿದ ಕಿವಿಗೆ ಅದು ಸದ್ದೇ ಅಲ್ಲ ಬಿಡಿ. ಮೈಕಿಗೆ ಆ ರೂಢಿ ಇಲ್ಲ ಅಂತ ಗೊತ್ತಾಗಿದ್ದು ನಮ್ಮ ಕಾಕಾ ಹಾಡುವ ತತ್ವಪದಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂತ ಕೂತಾಗ.

ಕಾಕಾ ಪೇಟಿ (ಹಾರ್ಮೋನಿಯಂ) ಬಾರಿಸುತ್ತಾ ಹಾಡುತ್ತಾರೆ. ಜೊತೆಗೆ ತಬಲಾ, ದಮ್ಮಡಿ, ತಾಳ. ಶ್ರಾವಣದಲ್ಲಿ ಗುಡಿಯಲ್ಲಿ ಕೂರುವ ಅದೇ ಮೇಳ.

ಮೊದಲು ಎಲ್ಲರಂತೆ ನಾನೂ ಕಂಪ್ಯೂಟರ್ ದಾರಿಯನ್ನೇ ಹಿಡಿದೆ. ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಇತ್ತು. ಮೈಕಿನ ದನಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ, ಎರಡು ಮೈಕ್ ಹಾಕಬಹುದಾದ ಪೆಟ್ಟಿಗೆ, ಅಂದರೆ ಆಡಿಯೊ ಇಂಟರ್‌ಫೇಸ್ ಮತ್ತು ಒಂದು ಕಂಡೆನ್ಸರ್ ಮೈಕ್ ತಂದೆ. ರೆಕಾರ್ಡ್ ಮಾಡುವ ಆಡಾಸಿಟಿ ಸಾಫ್ಟ್‌ವೇರ್ ಹೇಗೂ ಪುಕ್ಕಟೆ. ಕಿಟಕಿ, ಬಾಗಿಲು ಎಲ್ಲ ಮುಚ್ಚಿ, ಫ್ಯಾನ್ ಆರಿಸಿ, ಬೆವರು ಸುರಿಸುತ್ತಾ ಒಂದು ಪದ ರೆಕಾರ್ಡ್ ಮಾಡಿ ಕೇಳಿದರೆ ಕಾಕಾಗಿಂತ ಮುಂದೆ ಮಗ್ಗ ಕೂತು ಹಾಡುತ್ತಿತ್ತು! ಆಡಾಸಿಟಿಯಲ್ಲಿ ಸದ್ದು ತೆಗೆಯುವ ಉಪಾಯ ಇದೆ. ಬರೀ ಸದ್ದಿರುವ ಒಂದೆರಡು ಸೆಕೆಂಡ್ ತೋರಿಸಿದರೆ ಅದೇ ಬಗೆಯ ಸದ್ದನ್ನು ಉಳಿದ ಕಡೆಯೂ ಇಳಿಸುತ್ತದೆ. ಫ್ಯಾನಿನಂಥ ಒಂದೇ ಸಮನೆ ಸದ್ದಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಗ್ಗದ್ದು ಹಾಗಲ್ಲ, ಅದು ಬಡಿತ. ಜಾಸ್ತಿ ಎಳೆದರೆ ಕಾಕಾ ಬಾವಿಯ ನೀರೊಳಗೆ ಕೂತು ಹಾಡಿದ ಹಾಗೆ ಕೇಳಿಸುತ್ತಿತ್ತು.

ಒಬ್ಬೊಬ್ಬರದನ್ನೇ ಬೇರೆ ಬೇರೆ ರೆಕಾರ್ಡ್ ಮಾಡಿ ಕೂಡಿಸೋಣ ಅಂತಲೂ ನೋಡಿದೆ. ಅದಕ್ಕೆ ಹೆಡ್‌ಫೋನಿನಲ್ಲಿ ಕ್ಲಿಕ್, ಅಂದರೆ ಲಯ ತೋರಿಸುವ ಒಂದೇ ವೇಗದ ಟಿಕ್ ಟಿಕ್ ಕೇಳುತ್ತಾ ಹಾಡಬೇಕು. ನಮ್ಮ ಪದಗಳು ನಿಧಾನಕ್ಕೆ ಶುರುವಾಗಿ ಕೊನೆಗೆ ಓಡುತ್ತವೆ, ಕ್ಲಿಕ್ ಮಾತ್ರ ಇದ್ದಲ್ಲೇ ಇರುತ್ತದೆ. ಮೇಲೆ ಇನ್ನೊಂದು ತಾಪತ್ರಯ. ಹಳೇ ಕಂಪ್ಯೂಟರ್ ಆದ್ದರಿಂದ ಬಫರ್, ಅಂದರೆ ಅದು ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕುಗಳ ಲೆಕ್ಕ, 1024ಕ್ಕೆ ಇಡಬೇಕಿತ್ತು, ಕಡಿಮೆ ಮಾಡಿದರೆ ಚಟಪಟ ಅನ್ನುತ್ತಿತ್ತು. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48 ಸಾವಿರ ತುಣುಕು) 1024 ಅಂದರೆ ಬರೀ ಅಲ್ಲೇ 21 ಮಿಲಿಸೆಕೆಂಡ್ ತಡ. ತಮ್ಮ ದನಿ ತಮಗೇ ತಡವಾಗಿ ಕೇಳಿಸಿದರೆ ಯಾರು ಹಾಡ್ತಾರೆ? ಕಾಕಾ ಹೆಡ್‌ಫೋನ್ ಕಿತ್ತು ಪೇಟಿ ಮೇಲಿಟ್ಟರು. "ತಮ್ಮಾ, ಇದು ನನ್ನ ಅಣಕಸಾಕತ್ತೈತಿ" ಅಂದರು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಗುಬ್ಬಿ ದನಿ ಕೇಳಿಸುವಷ್ಟು ನಿಶ್ಶಬ್ದ. ಕಾಕಾ ತಮ್ಮ ಪಾಡಿಗೆ ಹಾಡಲು ಶುರು ಮಾಡಿದರು, ಎಷ್ಟು ಚೆನ್ನಾಗಿತ್ತು ಅಂತೀರಿ! ಆದರೆ ನನ್ನ ಕಂಪ್ಯೂಟರ್ ಸತ್ತು ಕೂತಿತ್ತು. ಯುಪಿಎಸ್ ಇಲ್ವಾ ಅಂತ ಕೇಳಬೇಡಿ, ಇದೆ, ಅದು ಕರೆಂಟ್ ಹೋದ ಕೂಡಲೇ ಕೀಂ ಕೀಂ ಅಂತ ತಾನೇ ಹಾಡುತ್ತದೆ. ಅಂದರೆ ನಮ್ಮ ಊರಲ್ಲಿ ರೆಕಾರ್ಡ್ ಮಾಡಲು ಒಳ್ಳೆ ಹೊತ್ತು ಮತ್ತು ಕಂಪ್ಯೂಟರ್ ನಡೆಯುವ ಹೊತ್ತು ಎರಡೂ ಒಟ್ಟಿಗೆ ಬರುವುದೇ ಇಲ್ಲ. ಒಳ್ಳೆ ಬ್ಯಾಟರಿಯ ಲ್ಯಾಪ್‌ಟಾಪ್ ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ, ಆದರೆ ಅಷ್ಟು ದುಡ್ಡು ಇರಲಿಲ್ಲ.

ಇಂಟರ್‌ಫೇಸ್ ಮಾರಿ, ಕೈಯಲ್ಲಿ ಹಿಡಿಯುವಂಥ ರೆಕಾರ್ಡರ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಸೆಲ್ ಹಾಕಿದರೆ ನಡೆಯುತ್ತದೆ. ಮೇಲೆ ಅದರದೇ ಎರಡು ಮೈಕ್, ಕೆಳಗೆ ಇನ್ನೆರಡು ಮೈಕ್ ಹಾಕಲು ಜಾಗ, ಒಟ್ಟು ನಾಲ್ಕು ಟ್ರ್ಯಾಕ್. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಕೊಡಬೇಕು, ಅದು ಸೆಲ್ ತಿಂದು ಹಾಕುತ್ತದೆ. ಹಾಗಾಗಿ ಗುಡಿಯಲ್ಲಿ ಬಳಸುವ ಸಾದಾ ಡೈನಮಿಕ್ ಮೈಕ್ ಎರಡು ತಂದು ಒಂದು ಕಾಕಾ ಮುಂದೆ, ಒಂದು ತಬಲಾ ಮುಂದೆ ಇಟ್ಟೆ. 24 ಬಿಟ್, 48 ಕಿಲೋಹರ್ಟ್ಸ್, ನಾಲ್ಕು ಟ್ರ್ಯಾಕ್ ಅಂದರೆ ಅರ್ಧ ಗಂಟೆಗೆ ಸುಮಾರು 1 ಜಿಬಿ. 32 ಜಿಬಿ ಕಾರ್ಡ್ ಧಾರಾಳ ಸಾಕು. ಲೆವೆಲ್ ಮಾತ್ರ ಜಾಸ್ತಿ ಏರಿಸುವುದಿಲ್ಲ, ಜೋರಾಗಿ ಹಾಡಿದಾಗ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರ ಬಂದರೆ ಸಾಕು (ಸೊನ್ನೆ ದಾಟಿದರೆ ದನಿ ಒಡೆಯುತ್ತದೆ), 24 ಬಿಟ್‌ನಲ್ಲಿ ಮೆಲ್ಲಗಿನ ದನಿಯೂ ಸ್ಪಷ್ಟವಾಗಿ ದಾಖಲಾಗುವುದರಿಂದ ಆಮೇಲೆ ಏರಿಸಿಕೊಳ್ಳಬಹುದು.

ಜಾಗದ್ದೇ ದೊಡ್ಡ ಮಾತು. ಪಡಸಾಲೆಯಲ್ಲಿ ಟೈಲ್ಸ್ ಹಾಕಿಸಿದ್ದೇವೆ, ಅಲ್ಲಿ ಕೆಮ್ಮಿದರೂ ವಿಜಯಪುರದ ಗೋಳಗುಮ್ಮಟ. ಒಳಗಿನ ಕೋಣೆಯಲ್ಲಿ ಜೋಳದ ಚೀಲ ಪೇರಿಸಿತ್ತು. ಅಲ್ಲೇ ಕೂತೆವು. ಅಜ್ಜಿ ಹೊಲಿದ ಕೌದಿಗಳು ನಾಲ್ಕಿದ್ದವು. ಎರಡನ್ನು ಎದುರು ಗೋಡೆಗೆ ಹಗ್ಗ ಕಟ್ಟಿ, ಗೋಡೆಗೆ ತಾಗದ ಹಾಗೆ ಒಂದು ಗೇಣು ಬಿಟ್ಟು ಇಳಿಬಿಟ್ಟೆ, ಒಂದನ್ನು ಬಾಗಿಲಿಗೆ, ಒಂದನ್ನು ಪೇಟಿ ಕೆಳಗೆ ಹಾಸಿದೆ. ಹಳೇ ಸೀರೆ ಪದರ ಪದರವಾಗಿ ಹೊಲಿದ ಕೌದಿ ಎಷ್ಟು ದನಿ ನುಂಗುತ್ತದೆ ಅಂದರೆ, ಕೋಣೆಯೊಳಗೆ ಚಪ್ಪಾಳೆ ತಟ್ಟಿದರೆ ಟಪ್ ಅಂತ ಅಲ್ಲೇ ಸಾಯುತ್ತದೆ.

ಒಂದು ಪಜೀತಿಯೂ ಆಯಿತು. ಈ ರೆಕಾರ್ಡರಿನಲ್ಲಿ ಕೆಂಪು ಗುಂಡಿ ಒಮ್ಮೆ ಒತ್ತಿದರೆ ಬರೀ ತಯಾರಾಗಿ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೇ ರೆಕಾರ್ಡ್ ಆಗುವುದು. ಮೀಟರ್ ಕುಣಿಯುತ್ತಿತ್ತು, ಹೆಡ್‌ಫೋನಿನಲ್ಲಿ ಎಲ್ಲ ಕೇಳಿಸುತ್ತಿತ್ತು, ನಾನು ಖುಷಿಯಲ್ಲಿ ತಲೆದೂಗುತ್ತಾ ಕೂತಿದ್ದೆ. ಇಪ್ಪತ್ತು ನಿಮಿಷದ ಮೇಲೆ ನೋಡಿದರೆ ಕೆಂಪು ದೀಪ ಮಿಣಮಿಣ ಅಂತಿದೆ, ಸೆಕೆಂಡ್ ಎಲ್ಲ ಸೊನ್ನೆ! "ಕಾಕಾ, ಇನ್ನೊಮ್ಮೆ ಹಾಡ್ರಿ" ಅಂದೆ ಮೆಲ್ಲಗೆ. ಕಾಕಾ ಏನೂ ಅನ್ನದೆ ಎಲೆ-ಅಡಿಕೆ ಚೀಲ ಬಿಚ್ಚಿದರು. ಅಷ್ಟರಲ್ಲಿ ಕರೆಂಟ್ ಬಂತು.

ಕಂಪ್ಯೂಟರ್ ಬಿಟ್ಟಿಲ್ಲ. ಕರೆಂಟ್ ಇದ್ದಾಗ ಕಾರ್ಡ್ ಹಾಕಿ, ಆಡಾಸಿಟಿಯಲ್ಲಿ ಹಿಂದೆ ಮುಂದೆ ಕತ್ತರಿಸಿ, ಕಾಕಾ ಟ್ರ್ಯಾಕಿನಲ್ಲಿ 80 ಹರ್ಟ್ಸ್ ಕೆಳಗಿನ ತಗ್ಗು ಗುಡುಗುಡು ಸದ್ದನ್ನು ಇಳಿಸಿ, ನಾಲ್ಕೂ ಟ್ರ್ಯಾಕ್ ಹೊಂದಿಸುತ್ತೇನೆ. ಹತ್ತು ಮಿನಿಟಿನ ಕೆಲಸ, ಮಗ್ಗದ ಸದ್ದಿನಲ್ಲೂ ಹೆಡ್‌ಫೋನ್ ಹಾಕಿಕೊಂಡು ನಡೆಯುತ್ತದೆ. ಮೂಲ ಫೈಲ್ ಬೇರೆ ಇಟ್ಟು, ಊರವರಿಗೆ ವಾಟ್ಸ್ಆ್ಯಪ್‌ನಲ್ಲಿ ಎಂಪಿ3 ಮಾಡಿ ಡಾಕ್ಯುಮೆಂಟ್ ಅಂತ ಕಳಿಸುತ್ತೇನೆ.

ತಬಲಾ ಜೋಡಿಯ ದೊಡ್ಡದು, ಡಗ್ಗಾದ ಗುಂಯ್ ಅನ್ನೋದು ಮಾತ್ರ ಇನ್ನೂ ಸರಿಯಾಗಿ ಬಂದಿಲ್ಲ. ಮೈಕ್ ಹತ್ತಿರ ಇಟ್ಟರೆ ಬರೀ ಧಪ್ ಅನ್ನುತ್ತದೆ, ದೂರ ಇಟ್ಟರೆ ಪೇಟಿ ನುಂಗುತ್ತದೆ. ಮುಂದಿನ ಸಲ ಕರೆಂಟ್ ಹೋದಾಗ ತಬಲಾದವರನ್ನು ಜೋಳದ ಚೀಲದಿಂದ ಸ್ವಲ್ಪ ಈಚೆ ಕೂರಿಸಿ ನೋಡಬೇಕು.