ಅಗಸೆ ಎಣ್ಣೆ ಬದಲಿಸಿದ್ದು: ನನ್ನ ಅನುಭವ

ಅಗಸೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಲಿನೊಲೆನಿಕ್ ಆಮ್ಲವೇ, ಅಂದರೆ ಒಮೆಗಾ-3 ಕೊಬ್ಬಿನಾಮ್ಲ. ಪೇಂಟ್, ವಾರ್ನಿಷ್‌ಗೆ ಇದು ಬಲು ಒಳ್ಳೆಯದು, ಬೇಗ ಒಣಗುತ್ತದೆ. ಅಡುಗೆಗೆ ಅದೇ ತೊಂದರೆ, ಗಾಳಿ ತಾಗಿದರೆ ಕಮಟು ಹಿಡಿಯುತ್ತದೆ. ಈ ಆಮ್ಲವನ್ನು ಕಡಿಮೆ ಮಾಡಲು ನಾನು ಮ್ಯುಟೇಶನ್, ಅಂದರೆ ಬೀಜದ ಜೀನ್‌ಗಳನ್ನೇ ಬದಲಿಸುವ ದಾರಿ ಹಿಡಿದೆ. ದಾರಿ ಹೊಸದೇನಲ್ಲ. 1980ರ ದಶಕದಲ್ಲೇ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧನಾ ಸಂಸ್ಥೆಯ ಅಲನ್ ಗ್ರೀನ್ ಇದೇ ಬೆಳೆಯಲ್ಲಿ ಈ ಆಮ್ಲವನ್ನು ಶೇ. 2ರ ಆಸುಪಾಸಿಗೆ ಇಳಿಸಿದ್ದರು.

ಬಳಸಿದ್ದು ಇಎಂಎಸ್ ಎಂಬ, ಜೀನ್ ಬದಲಿಸುವ ರಾಸಾಯನಿಕ. ಅದರ ದ್ರಾವಣದಲ್ಲಿ ಬೀಜ ನೆನೆಸುವುದು. ಕ್ಯಾನ್ಸರ್ ತರುವಂಥದ್ದು, ಕೈಗವಸು, ಫ್ಯೂಮ್ ಹುಡ್ (ಆವಿ ಹೊರಗೆಳೆಯುವ ಗೂಡು) ಇಲ್ಲದೆ ಮುಟ್ಟಬಾರದು. ಉಳಿದ ದ್ರಾವಣಕ್ಕೆ ಸೋಡಿಯಂ ಥಯೋಸಲ್ಫೇಟ್ ಹಾಕಿ ವಿಷ ಮುರಿಯಬೇಕು. ಅಗಸೆಯಲ್ಲಿ ಇನ್ನೊಂದು ಪೀಕಲಾಟ ಇದೆ. ನೆನೆದರೆ ಸಾಕು, ಬೀಜ ಲೋಳೆ ಬಿಟ್ಟು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಉಂಡೆಯ ಒಳಗಿನ ಬೀಜಕ್ಕೆ ಮದ್ದು ಸರಿಯಾಗಿ ತಲುಪುವುದಿಲ್ಲ, ಆಮೇಲೆ ತೊಳೆಯುವುದೂ ಕಷ್ಟ. ಅದಕ್ಕೇ ಕಡಿಮೆ ಬೀಜ, ಜಾಸ್ತಿ ದ್ರಾವಣ, ಬಿಡದೆ ಅಲುಗಾಡಿಸುವುದು.

ಮೊದಲ ಪೀಳಿಗೆ, ಅಂದರೆ ಎಂ1 ಗಿಡಗಳಲ್ಲಿ ಎಣ್ಣೆ ಹುಡುಕಿ ಪ್ರಯೋಜನವಿಲ್ಲ. ಇಂಥ ಬದಲಾವಣೆ ಒಂದು ಜೀನ್‌ನ ಎರಡೂ ಪ್ರತಿ ಕೆಟ್ಟಾಗಷ್ಟೇ ಪೂರ್ತಿ ಕಾಣುತ್ತದೆ. ಸುಮ್ನೆ ಕಾಯಿ ಕಿತ್ತು, ಗಿಡವಾರು ಇಟ್ಟೆ. ಅದರೊಳಗಿನ ಬೀಜಗಳೇ ಎಂ2, ಅಸಲಿ ಹುಡುಕಾಟ ಅಲ್ಲೇ.

ಬೀಜವನ್ನೇ ಅರೆದು ಪರೀಕ್ಷಿಸಿದರೆ ಬಿತ್ತುವುದು ಏನನ್ನು, ಅಲ್ವಾ? ಅದಕ್ಕೆ ಅರ್ಧ ಬೀಜದ ಉಪಾಯ. ಅಗಸೆ ಬೀಜದ ಒಂದು ತುದಿ ಚೂಪು, ಬೇರಿನ ಮೊಳಕೆ ಇರುವುದು ಆ ಕಡೆ. ಬ್ಲೇಡ್‌ನಿಂದ ಅಡ್ಡಕ್ಕೆ ಕೊಯ್ದು, ಮೊಂಡ ತುದಿಯ ತುಂಡನ್ನು ಫಿಲ್ಟರ್ ಕಾಗದದ ಮೇಲೆ ಜಜ್ಜುತ್ತಿದ್ದೆ. ಎಣ್ಣೆ ಕಲೆ ಗಾಳಿಗೆ ಕೆಟ್ಟ ಮೇಲೆ ಥಯೋಬಾರ್ಬಿಟ್ಯೂರಿಕ್ ಆಮ್ಲ ಹಾಕಿ ಬಿಸಿ ಮಾಡಿದರೆ ಲಿನೊಲೆನಿಕ್ ಇರುವ ಕಲೆ ಕೆಂಪಗಾಗುತ್ತದೆ. ಸಾಲು ಸಾಲು ಕೆಂಪಿನ ನಡುವೆ ಒಂದು ಮಾತ್ರ ಪೇಲವ. ಅದರ ಚೂಪು ತುಂಡನ್ನು ಒದ್ದೆ ಕಾಗದದ ಮೇಲೆ ಮೊಳಕೆಗೆ ಇಡುವುದು. ಅದು ಗಿಡವಾಗಿ ಕೊಟ್ಟ ಬೀಜವನ್ನು ಕೊಬ್ಬಿನಾಮ್ಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಹಾಕಿದ ಮೇಲೇ ನಾನು ನಂಬುವುದು. ಕಾಳು ಕಟ್ಟುವಾಗ ತಂಪಿದ್ದರೆ ಈ ಆಮ್ಲ ತಾನಾಗಿಯೇ ಏರುತ್ತದೆ, ಸೆಕೆಗೆ ಇಳಿಯುತ್ತದೆ. ಪಕ್ಕದಲ್ಲೇ ಮೂಲ ತಳಿ ಬೆಳೆಯದೆ ಹೋಲಿಕೆ ಮಾಡುವವರ ಅಂಕಿಗಳಿಗೆ ನಾನು ಬೆಲೆ ಕೊಡುವುದಿಲ್ಲ.

ಒಂದೇ ಮ್ಯುಟೆಂಟ್‌ನಲ್ಲಿ, ಅಂದರೆ ಹೀಗೆ ಬದಲಾದ ಒಂದೇ ಗಿಡದಲ್ಲಿ, ಇಳಿಕೆ ಅರ್ಧಂಬರ್ಧ. ಬೇರೆ ಬೇರೆ ಜೀನ್ ಕೆಟ್ಟ ಎರಡನ್ನು ಕ್ರಾಸ್ ಮಾಡಿದರೆ, ಎಫ್2ರಲ್ಲಿ (ಕ್ರಾಸ್‌ನ ಎರಡನೇ ಪೀಳಿಗೆ) ಸುಮಾರು 16ಕ್ಕೆ ಒಂದು ಬೀಜದಲ್ಲಿ ಎರಡೂ ಸೇರುತ್ತವೆ. ಆಗ ಲಿನೊಲೆನಿಕ್ ಬಹುತೇಕ ಮಾಯ, ಆ ಜಾಗಕ್ಕೆ ಲಿನೊಲಿಕ್ ಎಂಬ ಬೇರೆ ಕೊಬ್ಬಿನಾಮ್ಲ ಬರುತ್ತದೆ. ಮದ್ದು ಇತರ ಜೀನ್‌ಗಳನ್ನೂ ಕೆಡಿಸಿರುತ್ತದೆ. ಹಾಗಾಗಿ ಮೂಲ ತಳಿಗೇ ಮತ್ತೆ ಮತ್ತೆ ಕ್ರಾಸ್ ಮಾಡಿ, ಇಳುವರಿಯನ್ನೂ ಎಣ್ಣೆಯ ಪ್ರಮಾಣವನ್ನೂ ನೋಡಬೇಕು.

ಒಮೆಗಾ-3ಗೆಂದು ಅಗಸೆ ತಿನ್ನುವವರಿಗೆ ಈ ತಳಿ ಅಲ್ಲವೇ ಅಲ್ಲ. ಇದರ ಬೀಜವೂ ಮಾಮೂಲಿ ಅಗಸೆಯಂತೆ ಕಂದು ಆದರೆ ಎರಡೂ ಬೆರೆತು ಗೊತ್ತೇ ಆಗದು. ಆಸ್ಟ್ರೇಲಿಯಾದವರು ತಮ್ಮ ಲಿನೋಲಾ ಎಂಬ ಇಂಥದ್ದೇ ಅಗಸೆಗೆ ಹಳದಿ ಬೀಜ ಕೂಡಿಸಿದ್ದು ಅದಕ್ಕೇ. ನಾನೂ ಈಗ ಹಳದಿ ತಳಿಯೊಂದಿಗೆ ಕ್ರಾಸ್ ಶುರುಮಾಡಿದ್ದೇನೆ.