ಬೈಚೋಜನ ಕೈ, ಮಲ್ಲಿತಮ್ಮನ ಕೈ: ಶಿಲ್ಪಿಯನ್ನು ಗುರುತಿಸುವುದು ಹೇಗೆ?

ಬೇಲೂರಿಗೆ ಪ್ರವಾಸದ ಬಸ್ಸುಗಳು ಬರುತ್ತವೆ. ಮುಕ್ಕಾಲು ಗಂಟೆಯಲ್ಲಿ ದರ್ಪಣ ಸುಂದರಿ, ಶುಕಭಾಷಿಣಿ, ಕಪ್ಪೆಯ ಕಥೆ ಎಲ್ಲವೂ ಮುಗಿದು ಜನ ಮರಳಿ ಬಸ್ ಹತ್ತುತ್ತಾರೆ. ಕೆತ್ತಿದವರು ಯಾರೆಂದು ಕೇಳಿದರೆ ಜಕಣಾಚಾರಿ ಎನ್ನುತ್ತಾರೆ. ಆ ಮದನಿಕೆಗಳಲ್ಲಿ, ಅಂದರೆ ಆ ಸುಂದರಿಯರ ಮೂರ್ತಿಗಳಲ್ಲಿ, ಕೆಲವನ್ನು ಕಡೆದ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹೆಸರು ಕೊರೆದಿಟ್ಟೇ ಹೋಗಿದ್ದಾರೆ. ಓದುವ ವ್ಯವಧಾನ ನಮಗಿಲ್ಲ, ಅಷ್ಟೇ.

ಮೊದಲ ಹೆಜ್ಜೆ, ಊರು ಆರಿಸುವುದು. ಕಲಿಯುವವರಿಗೆ ಬೇಲೂರು ಬೇಡವೇ ಬೇಡ. ಮದನಿಕೆಗಳು ಸೂರಿನ ಕೆಳಗಿವೆ. ಕತ್ತು ನೋಯುತ್ತದೆಯೇ ಹೊರತು ಕಣ್ಣು ಪಳಗುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ. 1246ರಲ್ಲಿ ಹೊಯ್ಸಳರ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ದಕ್ಷಿಣದ ಗೋಡೆ ಶಿಲ್ಪಿ ಬೈಚೋಜನದು, ಉತ್ತರದ್ದು ಶಿಲ್ಪಿ ಮಲ್ಲಿತಮ್ಮನದು. ಒಂದೇ ಗುಡಿ, ಒಂದೇ ಬಳಪದ ಕಲ್ಲು, ಒಂದೇ ಕಾಲ, ಎರಡು ಕೈ.

ಪೆನ್ಸಿಲ್, ಪುಸ್ತಕ, ಸಣ್ಣ ಟಾರ್ಚ್ ಇರಲಿ. ಫ್ಲ್ಯಾಷ್ ಹೊಡೆದು ತೆಗೆದ ಚಿತ್ರಗಳ ಮಿರುಗುವ ಪುಸ್ತಿಕೆಗಳಿಗೆ ದುಡ್ಡು ಸುರಿಯಬೇಡಿ. ಅವುಗಳಲ್ಲಿ ಶಿಲ್ಪ ಹಪ್ಪಳದಂತೆ ಚಪ್ಪಟೆಯಾಗಿರುತ್ತದೆ.

ಎಲ್ಲರೂ ಎಡವುವುದು ಬೆಳಕಿನಲ್ಲಿ. ನಾನೂ ಎಡವಿದ್ದೇನೆ. ಡಿಸೆಂಬರಿನ ಒಂದು ಮಧ್ಯಾಹ್ನ ನೋಡಿ ಬಂದು, ಮಲ್ಲಿತಮ್ಮನ ಕೆಲಸ ಮಂಕು ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ. ಮಂಕಾಗಿದ್ದದ್ದು ಗೋಡೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೈಚೋಜನ ಪ್ರತಿ ಹಾರದ ಮಣಿಗೂ ನೆರಳು ಬಿದ್ದು ಅದು ಎದ್ದು ಕಾಣುತ್ತದೆ, ಉತ್ತರದ ಗೋಡೆಗೆ ದಿನವಿಡೀ ಬಿಸಿಲೇ ಇಲ್ಲ. ಜೂನಿನಲ್ಲಿ ಇದು ತಿರುವುಮುರುವು. ಆದ್ದರಿಂದ ಮೋಡ ಕವಿದ ದಿನವೇ ಹೋಗಿ, ಆಗ ಎರಡು ಗೋಡೆಗೂ ಒಂದೇ ಬೆಳಕು. ಅದು ಆಗದಿದ್ದರೆ ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಹಿಡಿದು ಓರೆಯಾಗಿ ಬೆಳಕು ಹಾಯಿಸಿ. ನೇರವಾಗಿ ಬಿಟ್ಟರೆ ಮತ್ತೆ ಹಪ್ಪಳವೇ.

ಈಗ ನಿಂತ ವಿಷ್ಣುವಿನ ಒಂದು ಮೂರ್ತಿಯನ್ನು ಅಲ್ಲಿ, ಒಂದನ್ನು ಇಲ್ಲಿ ಆರಿಸಿಕೊಳ್ಳಿ. ಕುಣಿಯುವ ಮೂರ್ತಿಗಳ ತಂಟೆಗೆ ಮೊದಲೇ ಹೋಗಬೇಡಿ. ವಿಷ್ಣುವಿನ ನಿಲುವು, ಆಯುಧ, ಕೈಗಳನ್ನು ಶಾಸ್ತ್ರವೇ ಗೊತ್ತುಮಾಡಿರುವುದರಿಂದ ಉಳಿಯುವ ವ್ಯತ್ಯಾಸ ಶಿಲ್ಪಿಯದು. ಮುಖವನ್ನು ಕೊನೆಗೆ ನೋಡಿ. ಮುಖ ನಮ್ಮನ್ನು ಮರುಳು ಮಾಡುತ್ತದೆ. ಶಂಖ ಹಿಡಿದ ಬೆರಳುಗಳಿಂದ ಶುರುಮಾಡಿ. ಬೆರಳು ಬೆರಳಿನ ನಡುವೆ ಉಳಿ ಒಳಹೊಕ್ಕಿದೆಯೇ, ಬರೀ ಗೀಟು ಬಿದ್ದಿದೆಯೇ? ಹಾರ ಎದೆಯ ಉಬ್ಬಿಗೆ ಒಗ್ಗಿ ಇಳಿದಿದೆಯೇ, ಮೇಲೆ ಅಂಟಿಸಿದಂತಿದೆಯೇ? ತಲೆಯ ಮೇಲಿನ ಬಳ್ಳಿಯ ಅಂಚನ್ನು ತಿದ್ದಿದ್ದಾನೆಯೇ, ಸಾಕೆಂದು ಬಿಟ್ಟಿದ್ದಾನೆಯೇ? ನನ್ನ ಕಣ್ಣಿಗೆ ಬೈಚೋಜ ಗಂಭೀರ, ಕೈ ಬಿಗಿಹಿಡಿದವನು. ಮಲ್ಲಿತಮ್ಮ ಅವಸರದವನು, ಆದರೆ ಅವನ ಕಲ್ಲಿಗೆ ಉಸಿರಿದೆ. ನನಗೆ ಮಲ್ಲಿತಮ್ಮನೇ ಇಷ್ಟ.

ಮೂರ್ತಿಯ ಒಂದು ಕೈಯನ್ನಾದರೂ ಬರೆದುಕೊಳ್ಳಿ. ಚಿತ್ರ ಬಾರದಿದ್ದರೂ ಸರಿ. ಮೊಬೈಲಿನಲ್ಲಿ ತೆಗೆದ ಇನ್ನೂರು ಫೋಟೊಗಳನ್ನು ಮನೆಗೆ ಬಂದು ಯಾರೂ ನೋಡುವುದಿಲ್ಲ.

ಹೆಸರು ಹುಡುಕುವುದು ಇದಾದ ಮೇಲೆ. ಮೂರ್ತಿಯ ಪೀಠದ ಪಟ್ಟಿಯ ಮೇಲೆ ನೋಡಿ. ಮಲ್ಲಿತಮ್ಮ ಕೆಲವೆಡೆ ‘ಮಲ್ಲಿ’ ಎಂದಷ್ಟೇ, ಕೆಲವೆಡೆ ಬರೀ ‘ಮ’ ಎಂದು ಕೊರೆದಿದ್ದಾನೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವ, ಎಣ್ಣೆ ಸವರುವ ಮಹಾನುಭಾವರಿದ್ದಾರೆ. ದಯವಿಟ್ಟು ಬೇಡ, ಓರೆ ಬೆಳಕೇ ಸಾಕು.

ಮುಂದಿನ ಭಾನುವಾರ ತರೀಕೆರೆಯ ಬಳಿಯ ಅಮೃತಾಪುರ. ಅಲ್ಲಿನ ಅಮೃತೇಶ್ವರ ದೇವಾಲಯ 1196ರದು, ಮಲ್ಲಿತಮ್ಮನ ಮೊದಲ ದಿನಗಳ ಕೆಲಸ ಅಲ್ಲಿದೆ ಎನ್ನುತ್ತಾರೆ. ಅದೇ ಹೆಸರು 1258ರ ಸೋಮನಾಥಪುರದ ದೇವಾಲಯದಲ್ಲೂ ಇದೆ. ನಡುವೆ ಅರವತ್ತೆರಡು ವರ್ಷ. ಒಬ್ಬನೇ ಮನುಷ್ಯನೋ, ಒಂದೇ ಹೆಸರಿನ ಇಬ್ಬರೋ? ನುಗ್ಗೇಹಳ್ಳಿಯಲ್ಲಿ ಬರೆದುಕೊಂಡ ಆ ಬೆರಳುಗಳ ಹಾಳೆಯನ್ನು ಮರೆಯದೆ ಜೊತೆಗೆ ಒಯ್ಯಿರಿ.